ಸುಸಾನಾ ಮತ್ತು ದೊಡ್ಡಮ್ಮನ ಬುಟ್ಟಿ

ಉತ್ತರ ಕನ್ನಡದ ಸಿದ್ದಾಪುರದ ಕಡೆ ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಭೂಮಿ ಹುಣ್ಣಿಮೆ ಬಂತೆಂದರೆ ಬುಟ್ಟಿ ಬರೆಯುವ ಗಡಿಬಿಡಿ. ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ಪುಂಡಿ ನಾರನ್ನು ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಅದ್ದಿ ಚಿತ್ತಾರ ಎಳೆಯುತ್ತಾರೆ. ಆಗ ಗದ್ದೆಯಲ್ಲಿ ಭತ್ತ ಹೊಡೆಯಾಗಿರುತ್ತದೆ, ತೆನೆ ಇನ್ನೂ ಒಳಗೇ ಇರುತ್ತದೆ. ಭೂಮಿ ಬಸುರಿ, ಅವಳಿಗೆ ಬಯಕೆ ಊಟ ಒಯ್ಯುವ ಬುಟ್ಟಿ ಅದು. ಬರೆಯುವವರು ಹೆಂಗಸರು, ಯಾರಿಗೆ ಅಂತ ಬರೆಯುತ್ತಾರೋ ಅವಳೂ ಹೆಂಗಸು.

ಕಳೆದ ಸಲ ದೊಡ್ಡಮ್ಮನ ಪಕ್ಕ ಕೂತಿದ್ದಾಗ ಇಟಲಿಯ ಚಿತ್ರಕಾರ್ತಿ ಆರ್ಟೆಮಿಸಿಯಾ ಜೆಂಟಿಲೆಸ್ಕಿ ನೆನಪಾದಳು. 1610ರಲ್ಲಿ, 17ರ ಆಸುಪಾಸಿನಲ್ಲಿ, ಅವಳು ಸುಸಾನಾಳ ಚಿತ್ರ ಬರೆದಳು. ಸ್ನಾನ ಮಾಡುವ ಹೆಣ್ಣನ್ನು ಊರಿನ ಇಬ್ಬರು ಹಿರಿಯರು ಕದ್ದು ನೋಡಿ, ಆಮೇಲೆ ಹೆದರಿಸುವ ಹಳೆಯ ಕಥೆ. ಅದಕ್ಕೂ ಮುಂಚೆ ಇಟಲಿಯವನೇ ಆದ ಚಿತ್ರಕಾರ ಟಿಂಟೊರೆಟ್ಟೊ ಬರೆದ ಸುಸಾನಾ ಕನ್ನಡಿ ನೋಡುತ್ತಾ ಆರಾಮಾಗಿ ಕೂತಿದ್ದಾಳೆ. ಕದ್ದು ನೋಡುವವರ ಸಾಲಿಗೆ ನಮ್ಮನ್ನೂ ಸೇರಿಸಿಬಿಡುತ್ತದೆ ಆ ಚಿತ್ರ. ಆರ್ಟೆಮಿಸಿಯಾಳ ಸುಸಾನಾ ಹಾಗಲ್ಲ. ಮೈ ತಿರುಚಿಕೊಂಡು, ಮುಖ ಆಚೆ ಮಾಡಿ, ಎರಡೂ ಕೈ ಎತ್ತಿ ಬೇಡ ಅನ್ನುತ್ತಿದ್ದಾಳೆ. ಮರುವರ್ಷ ಆರ್ಟೆಮಿಸಿಯಾಳ ಮೇಲೆ ಅತ್ಯಾಚಾರವಾಯಿತು, 1612ರಲ್ಲಿ ವಿಚಾರಣೆ ನಡೆಯಿತು. ಚಿತ್ರಕ್ಕೂ ಇದಕ್ಕೂ ಗಂಟು ಹಾಕುವವರು ಜಾಸ್ತಿ. ಚಿತ್ರ ಮೊದಲಿನದು, ಅಲ್ವಾ? ಬಸ್ಸಿನಲ್ಲಿ ಓಡಾಡಿದ ಯಾವ ಹುಡುಗಿಗೂ ಆ ಎರಡು ಕೈ ಅರ್ಥವಾಗುತ್ತವೆ.

ಅಮೃತಾ ಶೇರ್‌ಗಿಲ್ 1935ರಲ್ಲಿ ಬರೆದ ಮೂವರು ಹುಡುಗಿಯರೂ ಅಷ್ಟೇ. ಯಾರೂ ನಮ್ಮ ಕಡೆ ನೋಡುವುದಿಲ್ಲ. ನಮಗೋಸ್ಕರ ನಗುವುದೂ ಇಲ್ಲ.

ನನ್ನನ್ನು ಜಾಸ್ತಿ ಕಾಡುವವಳು ಜರ್ಮನಿಯ ಪೌಲಾ ಮೋಡರ್ಸನ್ ಬೆಕರ್. 1906ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನದೇ ಚಿತ್ರ ಬರೆದುಕೊಂಡಳು. ಸೊಂಟದಿಂದ ಮೇಲೆ ಬಟ್ಟೆಯಿಲ್ಲ, ಕೊರಳಲ್ಲಿ ಮಣಿಸರ, ಕೈ ಹೊಟ್ಟೆಯ ಸುತ್ತ, ಥೇಟ್ ಬಸುರಿಯ ಹಾಗೆ. ಆಗಿನ್ನೂ ಅವಳು ಬಸುರಿಯಲ್ಲ. ಮರುವರ್ಷ ನವೆಂಬರಿನಲ್ಲಿ ಮಗಳು ಹುಟ್ಟಿದಳು. ಮೂರು ವಾರವೂ ಆಗಿರಲಿಲ್ಲ, ಬಾಣಂತಿ ತೀರಿಕೊಂಡಳು. 31 ವರ್ಷ.

ದೊಡ್ಡಮ್ಮನಿಗೆ ಮೊಬೈಲಿನಲ್ಲಿ ಆ ಚಿತ್ರ ತೋರಿಸಿದೆ. ಬತ್ತಲೆ ಅಂತ ಮುಖ ತಿರುಗಿಸಬಹುದು ಅಂದುಕೊಂಡಿದ್ದೆ. ತುಂಬಾ ಹೊತ್ತು ನೋಡಿದಳು. "ಎಷ್ಟು ತಿಂಗಳು ಇವಳಿಗೆ?" ಅಂದಳು. ಸತ್ತ ಸಂಗತಿ ಹೇಳಿದ ಮೇಲೆ ಪುಂಡಿ ನಾರು ಕೆಳಗಿಟ್ಟು ಸುಮ್ನೆ ಕೂತಳು. ಅವಳ ಅಕ್ಕನೂ ಬಾಣಂತನದಲ್ಲೇ ಹೋದವಳು.

ಇಂಥ ದೊಡ್ಡಮ್ಮ ಬರೆದದ್ದನ್ನು ಕರಕುಶಲ ಅಂತ ಬೇರೆ ಸಾಲಿಗೆ ತಳ್ಳುವುದು ನನಗೆ ಒಪ್ಪಿಗೆಯಿಲ್ಲ. ಬುಟ್ಟಿಯ ಮೇಲೆ ಬಸುರಿಯ ಚಿತ್ರ ಎಲ್ಲೂ ಇಲ್ಲ, ನಿಜ. ಭತ್ತದ ಸಸಿ ಇದೆ, ಏಣಿ ಇದೆ. ಆದರೆ ಅವಳಿಗೆ ಏನು ಬೇಕು ಅಂತ ಯೋಚಿಸಿಯೇ ಒಂದೊಂದು ಗೆರೆ ಎಳೆದಿದ್ದಾರೆ.

ಇಷ್ಟು ವರ್ಷ ಬುಟ್ಟಿ ಬರೆದ ದೊಡ್ಡಮ್ಮನ ಚಿತ್ರವನ್ನು ಯಾರೂ ಬರೆದಿರಲಿಲ್ಲ. ಈಗ ನನ್ನ ಮಗಳು ಶುರುಮಾಡಿದ್ದಾಳೆ. ಬೆನ್ನು ಎಷ್ಟು ಬಾಗಿರಬೇಕು ಅಂತ ಮೂರು ಸಲ ಅಳಿಸಿದಳು.