ಸ್ಪಷ್ಟನೆ: ಗು ಚಾಂಗ್‌ವೇ, ಟೆಕ್ನಿಕಲರ್ ಮತ್ತು ಬಾರದ ಆಸ್ಕರ್

ಚೀನಾದ ಛಾಯಾಗ್ರಾಹಕ ಗು ಚಾಂಗ್‌ವೇ ‘ಜು ಡೌ’ (1990) ಚಿತ್ರವನ್ನು ಹಾಲಿವುಡ್‌ನ ಹಳೆಯ ಬಣ್ಣದ ಚಿತ್ರ ವಿಧಾನವಾದ ಟೆಕ್ನಿಕಲರ್‌ನ ಕ್ಯಾಮೆರಾದಲ್ಲಿ ತೆಗೆದರು, ಮುಂದೆ ಆಸ್ಕರ್ ಕೂಡ ಗೆದ್ದರು ಎಂಬ ಬರಹ ಹರಿದಾಡುತ್ತಿದೆ. ಎರಡೂ ತಪ್ಪು.

ಮೂರು ನೆಗೆಟಿವ್‌ಗಳನ್ನು ಒಟ್ಟಿಗೆ ಓಡಿಸುತ್ತಿದ್ದ ಆ ಭಾರಿ ಕ್ಯಾಮೆರಾಗಳು 1950ರ ದಶಕದ ಮಧ್ಯದಲ್ಲೇ ಮೂಲೆ ಸೇರಿದ್ದವು. ಗು ಮತ್ತು ಅವರ ಜೊತೆ ಛಾಯಾಗ್ರಹಣ ಮಾಡಿದ ಯಾಂಗ್ ಲುನ್ ಬಳಸಿದ್ದು ಸಾಮಾನ್ಯ ಬಣ್ಣದ ನೆಗೆಟಿವ್. ಟೆಕ್ನಿಕಲರ್‌ನ ಪಾತ್ರವಿದ್ದದ್ದು ಪ್ರಿಂಟ್ ಹಾಕುವಾಗ. ಅಮೆರಿಕದಲ್ಲಿ 1970ರ ದಶಕದಲ್ಲೇ ನಿಂತುಹೋದ ಆ ಮುದ್ರಣ ವಿಧಾನ ಚೀನಾದಲ್ಲಿ ಇನ್ನೂ ಉಳಿದಿತ್ತು. ಒಂದೇ ನೆಗೆಟಿವ್‌ನಿಂದ ಫಿಲ್ಟರ್‌ಗಳ ಮೂಲಕ ಮೂರು ಜೆಲಟಿನ್ ಮ್ಯಾಟ್ರಿಕ್ಸ್ (ಅಚ್ಚಿನಂತೆ ಬಣ್ಣ ಹಿಡಿಯುವ ಫಿಲಂ) ತೆಗೆದು, ಅವನ್ನು ಸಯಾನ್, ಮಜೆಂಟಾ, ಹಳದಿ ಬಣ್ಣಗಳಲ್ಲಿ ನೆನೆಸಿ, ಸೀರೆಗೆ ಅಚ್ಚು ಹಾಕಿದಂತೆ ಒಂದೇ ಫಿಲಂ ಮೇಲೆ ಒಂದಾದ ಮೇಲೊಂದು ಒತ್ತುತ್ತಿದ್ದರು. ಕೂದಲೆಳೆಯಷ್ಟು ಜಾರಿದರೂ ಮುಖದ ಅಂಚಿನಲ್ಲಿ ಬಣ್ಣದ ಗೆರೆ ಮೂಡುತ್ತಿತ್ತು. ಸರಿಯಾಗಿ ಕೂತರೆ ಆ ಕೆಂಪು, ಹಳದಿ ದಶಕಗಳಾದರೂ ಮಾಸುವುದಿಲ್ಲ. ‘ಜು ಡೌ’ ಕಥೆ ನಡೆಯುವುದೇ ಬಟ್ಟೆಗೆ ಬಣ್ಣ ಹಾಕುವ ಮನೆಯಲ್ಲಿ. ಗೊಂದಲ ಹುಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಇನ್ನು ಆಸ್ಕರ್. ‘ಫೇರ್‌ವೆಲ್ ಮೈ ಕಾಂಕ್ಯುಬೈನ್’ (1993) ಗು ಅವರಿಗೆ ತಂದದ್ದು ನಾಮನಿರ್ದೇಶನ ಮಾತ್ರ. ಪ್ರಶಸ್ತಿ ‘ಶಿಂಡ್ಲರ್ಸ್ ಲಿಸ್ಟ್’ ಛಾಯಾಗ್ರಾಹಕ ಯಾನುಷ್ ಕಮಿನ್ಸ್ಕಿ ಪಾಲಾಯಿತು. ಬರ್ಲಿನ್ ಚಿತ್ರೋತ್ಸವದಲ್ಲಿ 2005ರಲ್ಲಿ ಬಂದ ಬೆಳ್ಳಿ ಕರಡಿ ಪ್ರಶಸ್ತಿ ‘ಪೀಕಾಕ್’ ಚಿತ್ರದ ನಿರ್ದೇಶಕರಾಗಿ ಸಿಕ್ಕದ್ದು, ಕ್ಯಾಮೆರಾ ಕೆಲಸಕ್ಕಲ್ಲ. ಅದೇ ಬರಹ ಅವರ ಲೆಕ್ಕಕ್ಕೆ ಸೇರಿಸಿರುವ ‘ರೈಸ್ ದ ರೆಡ್ ಲ್ಯಾಂಟರ್ನ್’ (1991) ಝಾವೊ ಫೇ ಅವರ ಛಾಯಾಗ್ರಹಣ.