ಡೊಮೈನ್ ಯಾವ ದಿಕ್ಕಿಗೆ ತಿರುಗಿಸಬೇಕು?

ನಮ್ಮ ಬಡಾವಣೆ ಸಂಘದ ಜಾಲತಾಣ ಲೋಕಾರ್ಪಣೆ ಆಗಿ ಮೂರು ತಿಂಗಳಾಯಿತು. ಲೋಕಕ್ಕೆ ಮಾತ್ರ ಇನ್ನೂ ತಲುಪಿಲ್ಲ.

ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು, ಸುಳ್ಳು ಯಾಕೆ ಹೇಳಲಿ. ಶಾಮಿಯಾನ ಇತ್ತು. ಹನ್ನೆರಡು ಜನಕ್ಕೆ ಶಾಲು, ಪೇಟ ಇತ್ತು. ಮುಖ್ಯ ಅತಿಥಿಗಳು ಲ್ಯಾಪ್‌ಟಾಪಿಗೆ ಕಟ್ಟಿದ್ದ ಟೇಪು ಕತ್ತರಿಸಿ ಬಟನ್ ಒತ್ತಿದರು. ಪರದೆ ಮೇಲೆ ಸಂಘದ ಲಾಂಛನ ಬಂತು, ಚಪ್ಪಾಳೆ ಬಿತ್ತು. ಅದು ಪೆನ್‌ಡ್ರೈವಿನಲ್ಲಿದ್ದ ಫೋಟೋ ಅನ್ನೋದು ಗೊತ್ತಿದ್ದವರು ಇಬ್ಬರೇ. ಫೋಟೋ ಹಾಕಿದ ಕಂಪ್ಯೂಟರ್ ಹುಡುಗ ಮತ್ತು ನಾನು. ನಮಗೂ ಒಂದೊಂದು ಶಾಲು ಬಿದ್ದಿತ್ತು, ಹಾಗಾಗಿ ಸುಮ್ನಿದ್ದೆವು. ಅಷ್ಟರಲ್ಲಿ ಮಂಡಕ್ಕಿ, ಮಿರ್ಚಿ ಬಂತು.

ಅಧ್ಯಕ್ಷರು ಭಾಷಣದಲ್ಲಿ ಹೇಳಿದರು: 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿ ಬಂದಾಗ ಅದರಲ್ಲಿ ದಾವಣಗೆರೆ ಇತ್ತು. ಅಂಥ ಊರಿನ ಸಂಘ ಬೇರೆಯವರ ಸರ್ವರಿನಲ್ಲಿ (ಅಂದರೆ ಜಾಲತಾಣ ಇಡುವ ಕಂಪ್ಯೂಟರಿನಲ್ಲಿ) ಬಾಡಿಗೆಗೆ ಇರಬೇಕೇ? ನಮ್ಮ ಹೆಸರು, ನಮ್ಮ ಯಂತ್ರ, ನಮ್ಮ ಆಫೀಸು! ಮಾತು ಕೇಳೋಕೆ ಚೆನ್ನಾಗಿತ್ತು.

ಇದರಲ್ಲಿ ಆಗಬೇಕಿದ್ದ ಕೆಲಸ ತೀರ ಸಣ್ಣದು. ಡೊಮೈನ್, ಅಂದರೆ ಜಾಲತಾಣದ ಹೆಸರು, ಕೊಂಡಾಗಿತ್ತು. ಸರ್ವರ್ ತಂದು, ಅರಿಶಿನ ಕುಂಕುಮ ಹಚ್ಚಿ, ಚಕ್ರ ಇಲ್ಲದಿದ್ದರೂ ಮುಂದೆ ನಿಂಬೆಹಣ್ಣು ಇಟ್ಟಾಗಿತ್ತು. ಇನ್ನು ಡೊಮೈನ್ ಕೊಂಡ ಕಡೆ ಲಾಗಿನ್ ಆಗಿ, ಎ ರೆಕಾರ್ಡ್ ಅನ್ನುವ ಖಾನೆಯಲ್ಲಿ ಸರ್ವರಿನ ಐಪಿ ನಂಬರ್, ಅಂದರೆ ಇಂಟರ್ನೆಟ್ಟಿನಲ್ಲಿ ಅದರ ವಿಳಾಸ, ಬರೆದು ಸೇವ್ ಒತ್ತಬೇಕು. ಹೆಂಚಿನ ಮೇಲಿನ ಬೆಣ್ಣೆದೋಸೆ ತಟ್ಟೆಗೆ ಬರುವಷ್ಟು ಹೊತ್ತಿನ ಕೆಲಸ. ಆದರೆ ಅಂಥ ಕೆಲಸಕ್ಕೆ ಟೇಪು ಕಟ್ಟೋಕೆ ಆಗಲ್ಲ ನೋಡಿ.

ಮೊದಲ ತೊಡಕು ಲಾಗಿನ್. ಡೊಮೈನ್ ಕೊಂಡವನು ಹಳೇ ಕಾರ್ಯದರ್ಶಿಯ ಅಳಿಯ. ಓಟಿಪಿ ಹೋಗೋದು ಅವನ ಫೋನಿಗೆ. ಹಳೇ ಕಾರ್ಯದರ್ಶಿಗೂ ಹೊಸ ಅಧ್ಯಕ್ಷರಿಗೂ ಗಣಪತಿ ಚಂದಾ ಲೆಕ್ಕದ ಮೇಲೆ ಮಾತು ಬಿಟ್ಟಿದೆ. ನಾಲ್ಕು ಸಲ ಓಟಿಪಿ ಹೋಯಿತು, ನಾಲ್ಕು ಸಲವೂ ಅಲ್ಲೇ ಹಳಸಿತು. ಕೊನೆಗೆ ಎರಡೂ ಮನೆ ಹೆಂಗಸರು ಮಾತಾಡಿಕೊಂಡು ಆರು ಅಂಕಿ ಹೊರಗೆ ತಂದರು. ಸಂಘದ ಆಸ್ತಿ ರಿಜಿಸ್ಟರಿನಲ್ಲಿ ಬೀರು ಇದೆ, ಜಮಖಾನ ಇದೆ, ಮುರಿದ ಮೈಕ್ ಸ್ಟ್ಯಾಂಡ್ ಕೂಡ ಇದೆ. ಡೊಮೈನ್ ಇಲ್ಲ. ದಾಖಲೆ ಪ್ರಕಾರ ಸಂಘದ ಹೆಸರು ಇವತ್ತಿಗೂ ಅಳಿಯನದೇ.

ಆಮೇಲೆ ಸಭೆ ಕರೆದರು. ‘ಡೊಮೈನನ್ನ ಸರ್ವರ್ ಕಡೆ ತಿರುಗಿಸಬೇಕು’ ಅಂದೆ. ಹಾಗೆ ಅಂದಿದ್ದೇ ತಪ್ಪಾಯಿತು.

‘ಯಾವ ದಿಕ್ಕಿಗ್ರಿ?’ ಅಂದರು ಉಪಾಧ್ಯಕ್ಷರು.

ಸರ್ವರ್ ಇದ್ದದ್ದು ಹಿಂದಿನ ಕೋಣೆಯ ನೈಋತ್ಯ ಮೂಲೆಯಲ್ಲಿ. ವಾಸ್ತು ನೋಡುವವರನ್ನು ಕರೆಸಿದರು. ಭಾರ ನೈಋತ್ಯದಲ್ಲಿ ಇರಬಹುದು, ಮುಖ ಮಾತ್ರ ಈಶಾನ್ಯಕ್ಕೇ ಇರಬೇಕು ಅಂದರು ಅವರು. ಡಬ್ಬಿಯನ್ನು ತಿರುಗಿಸಿದ್ದಾಯಿತು. ಈಗ ಅದರ ಬೆನ್ನು ಗೋಡೆಗೆ ಅಂಟಿ ಕೇಬಲ್ ಸಿಕ್ಕಿಸೋಕೆ ಜಾಗ ಇಲ್ಲ. ಗೋಡೆ ಕೊರೆಯೋಕೆ ಬೇರೆ ಬಿಲ್ಲು.

ಬಂದವರು ಹೇಗೂ ಬಂದಿದ್ದಾರೆ ಅಂತ ನಂಬರನ್ನೂ ತೋರಿಸಿದರು. ಇಂಟರ್ನೆಟ್ ಕಂಪನಿಯವರು ತಿಂಗಳಿಗೆ ಇಷ್ಟು ಅಂತ ಜಾಸ್ತಿ ದುಡ್ಡು ಕೊಟ್ಟರೆ ಬದಲಾಗದ ಐಪಿ ಕೊಡುತ್ತೇವೆ ಅಂದಿದ್ದರು. 203.0.113.25 ಅಂತ ಇಟ್ಟುಕೊಳ್ಳಿ. (ಇದು ಪುಸ್ತಕದಲ್ಲಿ ಉದಾಹರಣೆ ಬರೆಯೋಕೆ ಅಂತಲೇ ತೆಗೆದಿಟ್ಟ ನಂಬರು. ನಿಜವಾದ್ದನ್ನು ಬರೆದರೆ ನನ್ನ ಶಾಲು ವಾಪಸ್ ಕೇಳುತ್ತಾರೆ.) ಅಂಕಿ ಎಲ್ಲ ಕೂಡಿದರೆ 17, ಮತ್ತೆ ಕೂಡಿದರೆ 8. ಎಂಟು ಅಂದರೆ ಶನಿ. ಸಭೆಯಲ್ಲಿ ಉಸಿರಿಲ್ಲ.

‘ತಿಂಗ್ಳಾ ತಿಂಗ್ಳಾ ದುಡ್ಡು ಕೊಟ್ಟು ಶನಿ ತಗೋಬೇಕೇನ್ರಿ?’ ಅಂದರು ಖಜಾಂಚಿ.

ಜೊತೆಗೆ ನಾನು, ಹೊರಗಿನವರು ಜಾಲತಾಣ ನೋಡಬೇಕಾದರೆ ರೌಟರಿನಲ್ಲಿ 80, 443 ಅಂತ ಎರಡು ಬಾಗಿಲು ತೆಗೆಯಬೇಕು ಅಂದೆ. ಬಾಗಿಲು ತೆಗೆದರೆ ಕಳ್ಳರು ಬರಲ್ವಾ ಅಂತ ಒಬ್ಬರು ಕೇಳಿದರು. ಇಡೀ ಸಭೆಯಲ್ಲಿ ತೂಕ ಇದ್ದ ಪ್ರಶ್ನೆ ಅದೊಂದೇ. ಉತ್ತರ ಹೇಳೋಕೆ ಬಾಯಿ ತೆಗೆಯುವಷ್ಟರಲ್ಲಿ ಇನ್ನೊಬ್ಬರು ಎದ್ದರು. ‘ದುರ್ಗದ ಕೋಟೆಗೆ ಏಳು ಸುತ್ತು. ಆದ್ರೂ ವೈರಿ ನುಗ್ಗಿದ್ದು ಒಂದು ಕಿಂಡಿಯಾಗೆ. ಇಲ್ಲಿ ಎರಡು ಕಿಂಡಿ ತೆಗೀತೀರಿ, ಒನಕೆ ಹಿಡಿಯೋರು ಯಾರು?’ ಎಲ್ಲರೂ ಕಂಪ್ಯೂಟರ್ ಹುಡುಗನನ್ನು ನೋಡಿದರು. ಅವನು ನೆಲ ನೋಡಿದ.

ಆಗ ಖಜಾಂಚಿಯವರೇ ಹೋಗಿ ಸರ್ವರಿನ ಪರದೆ ಮೇಲೆ ಇನ್ನೊಂದು ನಂಬರ್ ಕಂಡುಹಿಡಿದರು. 192.168.1.10. ಪುಕ್ಕಟೆ! ಕೂಡಿದರೆ 29, ಆಮೇಲೆ 11, ಆಮೇಲೆ 2. ಎರಡು ಅಂದರೆ ಚಂದ್ರ, ತಂಪು. ಸರ್ವಾನುಮತದಿಂದ ಠರಾವು ಪಾಸಾಯಿತು. ಅದೇ ನಂಬರನ್ನು ಎ ರೆಕಾರ್ಡಿನಲ್ಲಿ ಬರೆದರು.

ಗೊತ್ತಿರುವವರು ಇಷ್ಟು ಹೊತ್ತಿಗೆ ತಲೆ ಚಚ್ಚಿಕೊಂಡಿರುತ್ತೀರಿ. ಹಳೇ ಮಾದರಿಯ ಐಪಿ ನಂಬರುಗಳು ಲೋಕಕ್ಕೆಲ್ಲ ಸೇರಿ ಸುಮಾರು 430 ಕೋಟಿ ಮಾತ್ರ. ಎಲ್ಲರಿಗೂ ಸಾಲಲ್ಲ. ಅದಕ್ಕೇ 192.168ರಿಂದ ಶುರುವಾಗುವ ನಂಬರುಗಳನ್ನು ಮನೆಯೊಳಗಿನ, ಆಫೀಸಿನೊಳಗಿನ ಬಳಕೆಗೆ ಅಂತ ಬಿಟ್ಟಿದ್ದಾರೆ. 1996ರ ನಿಯಮ ಅದು. ಪಿ.ಜೆ. ಬಡಾವಣೆಯಲ್ಲೂ ಅದೇ ನಂಬರ್, ಪ್ಯಾರಿಸ್ಸಿನಲ್ಲೂ ಅದೇ ನಂಬರ್. ಲಗ್ನಪತ್ರಿಕೆಯಲ್ಲಿ ವಿಳಾಸದ ಜಾಗದಲ್ಲಿ ‘ಹಿಂದಿನ ಕೋಣೆ’ ಅಂತ ಅಚ್ಚು ಹಾಕಿಸಿದ ಹಾಗೆ. ಓದಿದವರು ತಮ್ಮ ತಮ್ಮ ಹಿಂದಿನ ಕೋಣೆಗೇ ಹೋಗಿ ನೋಡುತ್ತಾರೆ. ಹರಿಹರದಲ್ಲಿರುವ ಸದಸ್ಯರೊಬ್ಬರಿಗೆ ಹೀಗೆಯೇ ಆಯಿತು. ಅವರ ಮನೆಯಲ್ಲಿ ಆ ನಂಬರ್ ಇದ್ದದ್ದು ಪ್ರಿಂಟರಿಗೆ. ಸಂಘದ ಹೆಸರು ಹೊಡೆದರೆ ಪ್ರಿಂಟರಿನ ಪುಟ ತೆರೆಯಿತು. ‘ಇಂಕ್ ಖಾಲಿ ಅಂತ ಹಾಕೀರಲ್ಲ, ಸಂಘದ ಪರಿಸ್ಥಿತಿ ಅಷ್ಟು ಹದಗೆಟ್ಟೈತಾ?’ ಅಂತ ಫೋನ್ ಮಾಡಿದ್ದರು.

ದೂರು ಬರೋಕೆ ಶುರುವಾದಾಗ ಹುಡುಗ ತಪ್ಪಿಸಿಕೊಳ್ಳೋಕೆ ಒಂದು ಮಾತು ಎಸೆದ. ‘ಪ್ರೊಪಗೇಷನ್ ಆಗ್ತಾ ಇದೆ ಸರ್. 48 ಗಂಟೆ ಬೇಕು.’

ಹೊಸ ನಂಬರ್ ಎಲ್ಲ ಕಡೆ ಹರಡೋಕೆ ಹೊತ್ತು ಹಿಡಿಯುತ್ತದೆ ಅಂತ ಅರ್ಥ. ಅದು ಪೂರ್ತಿ ಸುಳ್ಳೇನಲ್ಲ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಯಾರದಾದರೂ ಮನೆ ಕೇಳಿದರೆ, ವಿದ್ಯಾನಗರಕ್ಕೆ ಹೋಗಿ ಕೇಳಿ ಅಂತಾರೆ. ವಿದ್ಯಾನಗರದಲ್ಲಿ ಕೇಳಿದರೆ ಆ ಅಂಗಡಿಯವರನ್ನು ಕೇಳಿ ಅಂತಾರೆ. ಮನೆ ನಂಬರ್ ಸಿಗೋದು ಅಂಗಡಿಯಲ್ಲಿ. ಹೆಸರು ಹೇಳಿದರೆ ನಂಬರ್ ಹುಡುಕಿಕೊಡುವ ಡಿಎನ್‌ಎಸ್ ಕೂಡ ಹೀಗೆಯೇ. ರೂಟ್ ಸರ್ವರ್ ಡಾಟ್ ಇನ್ ಕಡೆ ಕಳಿಸುತ್ತದೆ, ಅದು ನಮ್ಮ ಎ ರೆಕಾರ್ಡ್ ಇಟ್ಟುಕೊಂಡಿರುವ ನೇಮ್‌ಸರ್ವರ್ ಕಡೆ ಕಳಿಸುತ್ತದೆ, ನಂಬರ್ ಕೊಡೋದು ನೇಮ್‌ಸರ್ವರ್. ಪ್ರತಿ ಸಲ ಇಷ್ಟು ಅಲೆಯೋದು ಯಾಕೆ ಅಂತ ಕೇಳಿಕೊಂಡು ಹೋದವರು ಉತ್ತರವನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತಾರೆ. ಎಷ್ಟು ಹೊತ್ತು ಅನ್ನೋದೇ ಟಿಟಿಎಲ್. 3600 ಅಂತ ಬರೆದಿದ್ದರೆ ಅಷ್ಟು ಸೆಕೆಂಡು, ಅಂದರೆ ಒಂದು ಗಂಟೆ. ಅಷ್ಟರೊಳಗೆ ನೀವು ಮನೆ ಬದಲಾಯಿಸಿದರೂ ಅವರು ಹಳೇ ಬಾಗಿಲನ್ನೇ ತಟ್ಟುತ್ತಾರೆ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಬೇರೆ ಜಿಲ್ಲೆ ಆಯಿತು. ನಮ್ಮ ಸೋದರಮಾವ ಈಗಲೂ ಕವರ್ ಮೇಲೆ ‘ಚಿತ್ರದುರ್ಗ ಜಿಲ್ಲೆ’ ಅಂತಲೇ ಬರೆಯುತ್ತಾರೆ. ಅವರ ಟಿಟಿಎಲ್ ಇನ್ನೂ ಮುಗಿದಿಲ್ಲ.

ಆದರೆ ತಪ್ಪು ನಂಬರ್ ಎಷ್ಟು ಗಂಟೆ ಹರಡಿದರೂ ತಪ್ಪು ನಂಬರೇ ಅಲ್ವಾ. ಅದನ್ನು ಯಾರೂ ಕೇಳಲಿಲ್ಲ. ಯಾಕೆಂದರೆ ಆ ಹೊತ್ತಿಗೆ ಪ್ರೊಪಗೇಷನ್ ಅನ್ನುವ ಪದ ಊರಿಗೆ ಹಿಡಿಸಿಬಿಟ್ಟಿತ್ತು. ಚರಂಡಿ ಕಂಟ್ರಾಕ್ಟರನ್ನು ಕೇಳಿದರೆ, ಪ್ರೊಪಗೇಷನ್ ಆಗ್ತೈತೆ. ಬೀದಿ ದೀಪ, ಪ್ರೊಪಗೇಷನ್. ಚೀಟಿ ದುಡ್ಡು ಎತ್ತಿಕೊಂಡವನು ಕೂಡ ಕಂತು ಕೇಳಿದರೆ 48 ಗಂಟೆ ತಡೀರಿ ಅಂತಾನೆ. ‘ನಾಳೆ ಬಾ’ ಅನ್ನೋದಕ್ಕೆ ಇಷ್ಟು ಮರ್ಯಾದಸ್ಥ ಪದ ಇದುವರೆಗೆ ಇರಲಿಲ್ಲ.

ಅಧ್ಯಕ್ಷರಿಗಂತೂ ಸಮಸ್ಯೆಯೇ ಅರ್ಥ ಆಗಲ್ಲ. ಅವರು ಜಾಲತಾಣ ನೋಡೋದು ಆಫೀಸಿನಲ್ಲಿ ಕೂತು, ಆಫೀಸಿನ ವೈಫೈನಲ್ಲಿ. ಅಲ್ಲಿ ಅದು ಪಟ್ ಅಂತ ತೆರೆಯುತ್ತದೆ. ತೆರೆಯಲೇಬೇಕು, ಸರ್ವರ್ ಹಿಂದಿನ ಕೋಣೆಯಲ್ಲೇ ಇದೆ. ‘ಬರ್ತೈತಲ್ರಿ! ನಿಮ್ ಮನೇಲಿ ಬರ್ಲಿಲ್ಲ ಅಂದ್ರೆ ಅದು ನಿಮ್ ಮನೆ ತೊಂದ್ರೆ.’

ಕೊನೆಗೆ ಕಾರ್ಯಕಾರಿ ಸಮಿತಿ ಪರಿಹಾರ ಹುಡುಕಿತು. ಆಫೀಸಿನ ಬಾಗಿಲಿಗೆ ಬೋರ್ಡ್ ಬಿದ್ದಿದೆ: ‘ಆನ್‌ಲೈನ್ ಜಾಲತಾಣ ವೀಕ್ಷಣೆ ಸಮಯ ಬೆಳಿಗ್ಗೆ 11ರಿಂದ 1. ಭಾನುವಾರ ಮತ್ತು ಎರಡನೇ ಶನಿವಾರ ರಜೆ. ಆಧಾರ್ ಜೆರಾಕ್ಸ್ ತರತಕ್ಕದ್ದು.’ ಒಂದು ಕಂಪ್ಯೂಟರ್, ಒಂದು ತಿರುಗುವ ಕುರ್ಚಿ, ಸಹಿ ಹಾಕೋಕೆ ಒಂದು ರಿಜಿಸ್ಟರ್. ಕುರ್ಚಿಯೂ ಈಶಾನ್ಯಕ್ಕೇ.

ನಿನ್ನೆ ಹೋಗಿದ್ದೆ. ನನ್ನ ಮುಂದೆ ಒಬ್ಬ ಹಿರಿಯರು ಇದ್ದರು. ನೀರಿನ ಕನೆಕ್ಷನ್ ಅರ್ಜಿ ಬೇಕಿತ್ತು. ಸಹಿ ಹಾಕಿ, ಜೆರಾಕ್ಸ್ ಕೊಟ್ಟು, ಕನ್ನಡಕ ಏರಿಸಿ ಕೂತರು. ಪುಟ ತೆರೆಯಿತು. ‘ಅರ್ಜಿ ನಮೂನೆಗಾಗಿ ಕಚೇರಿಯನ್ನು ಸಂಪರ್ಕಿಸಿ’ ಅಂತ ಇತ್ತು. ಅವರು ಅದನ್ನು ಎರಡು ಸಲ ಓದಿದರು. ಆಮೇಲೆ ಕುರ್ಚಿಯನ್ನು ನಿಧಾನಕ್ಕೆ ನೈಋತ್ಯಕ್ಕೆ ತಿರುಗಿಸಿದರು.

ಅಲ್ಲಿ ಕೂತಿದ್ದ ಗುಮಾಸ್ತ ಪೆನ್ನು ಕೆಳಗಿಟ್ಟು, ‘ಏನಾಗ್ಬೇಕಿತ್ತು ಯಜಮಾನ್ರೆ?’ ಅಂದ.