ಐದಕ್ಕೆ ಎರಡು

ಮುಂಬೈ ಲೋಕಲ್‌ನಲ್ಲಿ ಶೌಚಾಲಯ ಇರುವುದಿಲ್ಲ. ಎಂಆರ್‌ಐ ಸೆಂಟರಿನವರು ಕೊಟ್ಟ ಚೀಟಿಗೆ ಇದು ಗೊತ್ತಿರಲಿಲ್ಲ. 'ಸ್ಕ್ಯಾನಿಗೆ ಅರ್ಧ ಗಂಟೆ ಮುಂಚೆ ಅರ್ಧ ಲೀಟರ್ ನೀರು ಕುಡಿಯಿರಿ, ಆಮೇಲೆ ಮೂತ್ರಕ್ಕೆ ಹೋಗಬೇಡಿ' ಎಂದಷ್ಟೇ ಅದರಲ್ಲಿತ್ತು.

ಸ್ಕ್ಯಾನ್ ನಮ್ಮ ದೊಡ್ಡಪ್ಪನಿಗೆ. ಡೊಂಬಿವಲಿಯಲ್ಲಿ ಹೋಟೆಲು ನಡೆಸಿ, ಈಗ ಗಲ್ಲಾ ಮಗನಿಗೆ ಬಿಟ್ಟುಕೊಟ್ಟವರು. ಮೂತ್ರ ಕೆಂಪಾದಾಗ "ಬೀಟ್‌ರೂಟ್ ಪಲ್ಯ ತಿಂದದ್ದು ಮಾರಾಯ" ಎಂದು ಕೆಲವು ದಿನ ತಳ್ಳಿದರು. ನೋವಿರಲಿಲ್ಲವಲ್ಲ! ನೋವಿಲ್ಲದೆ ರಕ್ತ ಹೋದರೂ ತಡಮಾಡದೆ ಡಾಕ್ಟರ ಹತ್ತಿರ ಓಡಬೇಕು, ಅದರಲ್ಲೂ ಬೀಡಿ ಸೇದಿದವರು. ಸೋನೋಗ್ರಫಿಯಲ್ಲಿ ಮೂತ್ರಕೋಶದೊಳಗೆ ಸಣ್ಣ ಗಡ್ಡೆ ಕಂಡಿತು. ಅದು ಒಳಪದರದಲ್ಲೇ ಇದೆಯೋ, ಗೋಡೆಯ ಸ್ನಾಯುವಿಗೂ ಇಳಿದಿದೆಯೋ ತಿಳಿಯಲು ಎಂಆರ್‌ಐ. ಮುಂದಿನ ಚಿಕಿತ್ಸೆಯೆಲ್ಲ ಅದರ ಮೇಲೆ ನಿಂತಿದೆ.

ದೊಡ್ಡಪ್ಪ ಡೊಂಬಿವಲಿಯಲ್ಲೇ ಒಂದು ಲೀಟರ್ ಮುಗಿಸಿ ರೈಲು ಹತ್ತಿದರು. ಹೋಟೆಲಿನವರ ಅಳತೆಯಲ್ಲಿ ಯಾವಾಗಲೂ ಒಂದು ಸೌಟು ಜಾಸ್ತಿಯೇ. ಕುರ್ಲಾ ದಾಟಿ ಲೋಕಲ್ ಸುಮ್ನೆ ನಿಂತಿತು. ಅವರು ವಿಷ್ಣು ಸಹಸ್ರನಾಮ ಶುರು ಮಾಡಿದರು. ದಾದರ್‌ನಲ್ಲಿ ಇಳಿದವರು ನನ್ನನ್ನು ಕಾಯಲಿಲ್ಲ. ಎಪ್ಪತ್ತು ದಾಟಿದವರು ಆ ಜಂಗುಳಿಯಲ್ಲಿ ಹಾಗೆ ಓಡಬಹುದು ಎಂದು ನನಗೆ ಗೊತ್ತಿರಲಿಲ್ಲ.

ಸೆಂಟರಿನಲ್ಲಿ ಟೆಕ್ನಿಷಿಯನ್ ಹುಡುಗ ತಲೆ ಚಚ್ಚಿಕೊಂಡ. ಕೋಶ ಖಾಲಿಯಾದರೆ ಗೋಡೆ ಮಡಚಿ ದಪ್ಪಗೆ ಕಾಣುತ್ತದೆ, ಗಡ್ಡೆ ಅದರಲ್ಲಿ ಅಡಗಿಬಿಡಬಹುದು. ತೀರಾ ತುಂಬಿದರೆ ಮಲಗಿದವರು ಚಡಪಡಿಸುತ್ತಾರೆ, ಚಿತ್ರ ಕಲಸಿಹೋಗುತ್ತದೆ. ಹದವಾಗಿ ತುಂಬಿರಬೇಕು. ಸರಿ, ಮತ್ತೆ ನೀರು. ಅಷ್ಟರಲ್ಲಿ ಒಂದು ತುರ್ತು ಕೇಸು ಒಳಗೆ ಹೋಯಿತು. ಅದು ಮುಗಿಯುವಾಗ ದೊಡ್ಡಪ್ಪನಿಗೆ ಕುರ್ಲಾದ ಸ್ಥಿತಿಯೇ.

"ಸ್ವಲ್ಪ ಬಿಟ್ಟು ಬನ್ನಿ ಕಾಕಾ. ಪೂರ್ತಿ ಅಲ್ಲ."

"ಇದೇನು ಡ್ರಮ್ಮಿನ ನಲ್ಲಿಯಾ, ಬೇಕಾದಲ್ಲಿ ತಿರುಗಿಸಿ ನಿಲ್ಲಿಸಲಿಕ್ಕೆ?"

ಹೋಗಿ ಬಂದರು. ಎಷ್ಟು ಬಿಟ್ಟರು, ಎಷ್ಟು ಉಳಿಸಿಕೊಂಡರು ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಆಮೇಲೆ ಲೋಹದ ಪರ್ವ. ಉಂಗುರ, ಬೆಳ್ಳಿಯ ಉಡಿದಾರ, ಜನಿವಾರಕ್ಕೆ ಕಟ್ಟಿದ ಕಪಾಟಿನ ಕೀಲಿಕೈ, ಬನಿಯನ್ನಿನ ಸೇಫ್ಟಿ ಪಿನ್, ಹಲ್ಲು ಸೆಟ್ಟು. ಎಲ್ಲ ನನ್ನ ಕರವಸ್ತ್ರಕ್ಕೆ ಬಂತು. ಬಿಪಿಗೆಂದು ರೈಲಿನಲ್ಲಿ ಕೊಂಡ ಕಡಗ ಮಾತ್ರ ಬಿಚ್ಚಲೊಲ್ಲರು. "ಇದೂ ಮ್ಯಾಗ್ನೆಟ್ಟೇ. ನಿಮ್ಮ ಮಿಷನ್ನಿಗೆ ಸಹಾಯವೇ ಆಗ್ತದೆ." ಒಳಗಿನ ಮ್ಯಾಗ್ನೆಟ್ಟಿನ ಜೋರು 1.5 ಟೆಸ್ಲಾ, ಅಂದರೆ ಭೂಮಿಯ ಕಾಂತಕ್ಕಿಂತ ಸುಮಾರು 30,000 ಪಟ್ಟು ಜೋರು, ಕಡಗದ ಜೊತೆ ಕೈಯೂ ಎಳೆದುಕೊಂಡು ಹೋದೀತು ಎಂದು ಹುಡುಗ ಹೇಳಿದ ಮೇಲೆ ಬಿಚ್ಚಿದರು.

ಕರುಳಿನ ಅಲುಗಾಟ ತಗ್ಗಿಸಲು ಒಂದು ಇಂಜೆಕ್ಷನ್, ಗಡ್ಡೆ ಎದ್ದು ಕಾಣಲೆಂದು ಗ್ಯಾಡೋಲಿನಿಯಂ. ಕಿವಿಗೆ ಹೆಡ್‌ಫೋನು. ಮಿಷನ್ನಿನ ಕಾಯಿಲ್‌ಗಳು ಕಂಪಿಸಿ ಹೊಡೆಯುವ ಸದ್ದು ಹೊರಗೂ ಕೇಳುತ್ತಿತ್ತು. ಹೊರಬಂದವರೇ ಹಲ್ಲನ್ನೂ ಕೇಳದೆ ಮತ್ತೆ ಓಡಿದರು.

ರಿಪೋರ್ಟ್ ಬಂದಾಗ ಡಾಕ್ಟರು ಕಂಪ್ಯೂಟರಿನಲ್ಲಿ ತೋರಿಸಿದರು. ಕೋಶದ ಸ್ನಾಯು ತೆಳ್ಳಗಿನ ಕಪ್ಪು ಗೆರೆಯಾಗಿ ಕಾಣುತ್ತದೆ. ಗಡ್ಡೆಯ ಬುಡದಲ್ಲಿ ಆ ಗೆರೆ ಎಲ್ಲೂ ತುಂಡಾಗಿರಲಿಲ್ಲ. ಇದಕ್ಕೆ ವೈರಾಡ್ಸ್ ಎಂಬ ಅಂಕ ಉಂಟು, 2018ರಲ್ಲಿ ಬಂದದ್ದು, ಒಂದರಿಂದ ಐದರವರೆಗೆ. ದೊಡ್ಡಪ್ಪನಿಗೆ ಎರಡು.

"ಐದಕ್ಕೆ ಎರಡೇ?" ಅವರ ಮುಖ ಬಾಡಿತು.

ಇಲ್ಲಿ ಕಡಿಮೆ ಬಂದಷ್ಟೂ ಒಳ್ಳೆಯದು, ಎರಡು ಅಂದರೆ ಸ್ನಾಯುವಿಗೆ ಇಳಿದಿರುವ ಸಂಭವ ಕಡಿಮೆ ಎಂದು ಡಾಕ್ಟರು ನಕ್ಕರು. ಆದರೂ ದುರ್ಬೀನು ಹಾಕಿ ಗಡ್ಡೆಯನ್ನು ಕೆರೆದು ತೆಗೆಯಲೇಬೇಕು, ಲ್ಯಾಬಿನವರು ನೋಡಿ ಹೇಳಿದ್ದೇ ಕೊನೆಯ ಮಾತು ಎಂದು ತಾರೀಕು ಕೊಟ್ಟರು.

ರಾತ್ರಿ ದೊಡ್ಡಮ್ಮ ಊರಿಗೆ ಫೋನು ಹಚ್ಚಿ, "ಐದಕ್ಕೆ ಎರಡು ಬಂತಂತೆ" ಎಂದರು. ಆ ಕಡೆಯಿಂದ ಚಿಕ್ಕಪ್ಪ ಸಮಾಧಾನ ಹೇಳಿದರು: "ಬೇಜಾರು ಮಾಡ್ಬೇಡಿ ಅತ್ತಿಗೆ. ಮಣಿಪಾಲದಲ್ಲಿ ಇನ್ನೊಮ್ಮೆ ಮಾಡಿಸುವ, ಅಲ್ಲಿ ನಾಲ್ಕಾದರೂ ಕೊಡ್ತಾರೆ."